ಮುಚ್ಚಳದ ಮೇಲಿನ ಇಪ್ಪತ್ತು

ನನ್ನ ಮಾವ ಎಂಜಿನ್ನಿಗೆ ಎಣ್ಣೆ ಹಾಕುವಾಗ ಗ್ಯಾರೇಜಿನಿಂದ ಎಲ್ಲರನ್ನೂ ಹೊರಗೆ ಕಳಿಸುತ್ತಾನೆ. ಎಲ್ಲರನ್ನೂ ಅಂದರೆ ನನ್ನನ್ನು. ಅಲ್ಲಿ ಬೇರೆ ಯಾರೂ ಇಲ್ಲ.

"ಹೊರಗೆ ನಿಂತ್ಕೋ" ಅನ್ನುತ್ತಾನೆ. ಶಟರ್ ಅರ್ಧಕ್ಕೆ ಎಳೆಯುತ್ತಾನೆ. ನಾನು ಫುಟ್‌ಪಾತಿನ ಮೇಲೆ ನಿಂತು ಶಟರಿನ ಕೆಳಗೆ ಅವನ ಚಪ್ಪಲಿ ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತೇನೆ. ಎಂಜಿನ್ ಬಿಚ್ಚಲು ನಾನು ಬೇಕು. ಗಾಡಿಯ ಅಡಿಗೆ ನುಗ್ಗಿ ಮೈಕೈ ಮಸಿ ಮಾಡಿಕೊಳ್ಳಲು ನಾನು ಬೇಕು. ಕಟ್ಟುವ ಹೊತ್ತಿಗೆ, ಎಣ್ಣೆ ಹಾಕುವ ಹೊತ್ತಿಗೆ ಮಾತ್ರ ನಾನು ಬೀದಿನಾಯಿ. ಯಾಕೆ ಅಂತ ಕೇಳಿದರೆ "ಹೇಳಿದಷ್ಟು ಮಾಡು". ಇದೇ ಕೆಲಸ ಕಲಿಯಬೇಕು ಅಂತ ಸ್ಕೂಲು ಬಿಟ್ಟು ಬಂದವನು ನಾನು. ಅಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿ ಹೊಡೆಯುತ್ತಿದ್ದರು. ಇಲ್ಲಿ ನಾನು ಪ್ರಶ್ನೆ ಕೇಳಿದರೆ ಹೊಡೆತ. ಅಷ್ಟೇ ವ್ಯತ್ಯಾಸ.

ನನ್ನ ಅಕ್ಕನ ಗಾಡಿಯ ವಿಷಯ ಬರದಿದ್ದರೆ ಇದನ್ನೂ ನುಂಗಿಕೊಂಡು ಇರುತ್ತಿದ್ದೆನೇನೋ.

ಅಕ್ಕ ವಾರವೆಲ್ಲ ಪಾರ್ಸೆಲ್ ವ್ಯಾನು ಓಡಿಸುತ್ತಾಳೆ. ರಜೆಯ ದಿನ ರೇಸ್ ಟ್ರ್ಯಾಕಿನಲ್ಲಿ ಅವಳದೇ ಪುಟ್ಟ ಕೆಂಪು ಟರ್ಬೋ ಗಾಡಿ. ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ಸ್ಟಾರ್ಟ್ ಮಾಡಿದರೆ ಪಕ್ಕದ ಅಂಗಡಿಯ ಗಾಜು ನಡುಗುತ್ತದೆ. ಎಂಜಿನ್ ಸುಟ್ಟುಹೋಗಿ ಮೂಲೆಗೆ ಬಿದ್ದಿದ್ದ ಗಾಡಿಯನ್ನು ತಂದಳು. ಮಾವ ಅದರ ಎಂಜಿನ್ನನ್ನು ಕೊನೆಯ ಬೋಲ್ಟಿನವರೆಗೂ ಬಿಚ್ಚಿ ಮತ್ತೆ ಕಟ್ಟಿದ. ಬಿಚ್ಚುವಾಗ ನಾನಿದ್ದೆ. ಕಟ್ಟುವಾಗ, ಗೊತ್ತಲ್ಲ, ಫುಟ್‌ಪಾತು.

ಈಗ ಒಂದು ರೇಸಿಂಗ್ ತಂಡದವರು ಹೊಸ ಡ್ರೈವರಿಗಾಗಿ ಪರೀಕ್ಷೆ ಇಟ್ಟಿದ್ದರು. ಭಾನುವಾರ. ಅವರವರ ಗಾಡಿ ಅವರವರೇ ತರಬೇಕು. ಬೆಳಗ್ಗೆ ಅಭ್ಯಾಸ, ಮಧ್ಯಾಹ್ನ ಪರೀಕ್ಷೆ. ಗಾಡಿ ನಡುವೆ ನಿಂತರೆ ಡ್ರೈವರು ಎಷ್ಟೇ ಜಾಣೆಯಾಗಿದ್ದರೂ ಮನೆಗೆ. ಅಕ್ಕನಿಗೆ ಇರುವುದು ಅದೊಂದೇ ಎಂಜಿನ್. ಅದು ಹೋದರೆ ಅವಳ ಪಾಲಿಗೆ ಉಳಿಯುವುದು ಪಾರ್ಸೆಲ್ ವ್ಯಾನೊಂದೇ.

ಶನಿವಾರ ಎಣ್ಣೆ ಬದಲಾಯಿಸಬೇಕಿತ್ತು. ಅಂದೇ ಮಾವನ ದವಡೆ ಹಲ್ಲು ಕೈಕೊಟ್ಟಿತು. ಕೆನ್ನೆ ಊದಿ ಒಂದು ಕಣ್ಣು ಮುಚ್ಚಿಹೋಗಿತ್ತು.

"ಹಳೇ ಎಣ್ಣೆ ಇಳಿಸಿಡು. ಫಿಲ್ಟರ್ ಹಾಕು. ಹೊಸ ಎಣ್ಣೆ ಮುಟ್ಟಬೇಡ. ನಾನು ಬಂದು ಹಾಕ್ತೀನಿ" ಅಂದ.

"ಯಾವ ಎಣ್ಣೆ ಅಂತ ಹೇಳಿದ್ರೆ ನಾನೇ ಹಾಕ್ತೀನಲ್ಲ ಮಾವ."

"ಹೇಳಿದಷ್ಟು ಮಾಡು."

ಹಲ್ಲಿನ ಡಾಕ್ಟರ ಹತ್ತಿರ ಹೋದ.

ನಾನು ಎಣ್ಣೆ ಇಳಿಸಿದೆ, ಫಿಲ್ಟರ್ ಬದಲಾಯಿಸಿದೆ. ಆಮೇಲೆ ಕಣ್ಣಿಗೆ ಬಿದ್ದದ್ದು ಆ ಅಲ್ಯೂಮಿನಿಯಂ ಕ್ಯಾನು. ನೆಗ್ಗಿಹೋದ, ಚೀಟಿಯಿಲ್ಲದ, ಹೆಸರಿಲ್ಲದ ಕ್ಯಾನು. ಅಕ್ಕನ ಗಾಡಿಗೆ ಮಾವ ಯಾವಾಗಲೂ ಅದರಿಂದಲೇ ಸುರಿಯುವುದು; ಶಟರಿನ ಕೆಳಗೆ ಅವನ ಚಪ್ಪಲಿಯ ಪಕ್ಕ ಅದರ ತಳ ಕಾಣುತ್ತಿತ್ತು. ಅದು ಕೂತಿದ್ದದ್ದು ಎಲ್ಲಿ? ಟ್ಯಾಕ್ಸಿಗಳಿಗೆ ಹಾಕುವ ಸಾದಾ ಎಣ್ಣೆಯ ಡ್ರಮ್ಮಿಗೆ ಅಂಟಿಕೊಂಡು. ಮುಚ್ಚಳ ತೆಗೆದು ಬೆರಳಲ್ಲಿ ಉಜ್ಜಿ ನೋಡಿದೆ. ದಪ್ಪ. ನನ್ನ ಮೈಯೆಲ್ಲ ಉರಿದುಹೋಯಿತು. ಸೋರುವ ಟ್ಯಾಕ್ಸಿಗೆ ಹಾಕುವ ಎಣ್ಣೆಯನ್ನೇ ಈ ಪುಣ್ಯಾತ್ಮ ನನ್ನ ಅಕ್ಕನ ಟರ್ಬೋಗೂ ಹಾಕುತ್ತಿದ್ದಾನೆ! ಅದಕ್ಕೇ ಶಟರ್. ಅದಕ್ಕೇ "ಹೊರಗೆ ನಿಂತ್ಕೋ".

ಆಮೇಲೆ ಎಂಜಿನ್ನಿನ ಎಣ್ಣೆ ಮುಚ್ಚಳ ನೋಡಿದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಕಂಪನಿಯವರೇ ಉಬ್ಬು ಅಕ್ಷರದಲ್ಲಿ ಅಚ್ಚು ಹಾಕಿದ್ದರು: 0W-20.

ಎಣ್ಣೆ ಅಂಗಡಿಗೆ ಹೋದೆ. ಗೋಡೆ ತುಂಬ ಡಬ್ಬಗಳು. ಚಿನ್ನದ ಬಣ್ಣದವು, ಬೆಂಕಿಯ ಚಿತ್ರದವು, ಹಾರುವ ಕುದುರೆಯವು. ಅಂಗಡಿಯವನು ಮಾತಿನ ಮಲ್ಲ. ಕೌಂಟರಿಗೆ ಮೊಣಕೈ ಊರಿ, "ಏನು ಗುರು, ಮುಖ ನೋಡಿದ್ರೆ ನಿನ್ನದೇ ಎಂಜಿನ್ ಕಾದಿರೋ ಹಾಗಿದೆ?" ಅಂದ.

"ಸೊನ್ನೆ ಡಬ್ಲ್ಯೂ ಇಪ್ಪತ್ತು ಕೊಡಿ. ಫುಲ್ ಸಿಂಥೆಟಿಕ್. ಒಳ್ಳೇದು."

"ಯಾವುದಕ್ಕೆ?"

"ಟರ್ಬೋ ಗಾಡಿ. ಟ್ರ್ಯಾಕಿಗೆ."

ಅವನು ಡಬ್ಬ ತೆಗೆಯಲು ಎತ್ತಿದ ಕೈ ಅಲ್ಲೇ ನಿಂತಿತು. "ಟ್ರ್ಯಾಕಿಗೆ ಇಪ್ಪತ್ತಾ? ನೋಡು, ಮೊದಲ ನಂಬರು ಚಳಿಯದ್ದು. ಬೆಳಗ್ಗೆ ತಣ್ಣಗಿದ್ದಾಗ ಎಣ್ಣೆ ಎಷ್ಟು ಬೇಗ ಓಡುತ್ತೆ ಅನ್ನೋದು. ಕೊನೇ ನಂಬರು ಬಿಸಿಯದ್ದು. ಕುದಿಯೋ ಎಂಜಿನ್ನಲ್ಲಿ ಎಷ್ಟು ದಪ್ಪ ಉಳಿಯುತ್ತೆ ಅನ್ನೋದು. ಇಪ್ಪತ್ತು ಅಂದ್ರೆ ಬಿಸಿಯಲ್ಲಿ ನೀರಿನ ಥರ. ಕಂಪನಿ ಎಂಜಿನ್ನಿಗೆ, ಊರೊಳಗೆ ಓಡಾಡೋಕೆ ಸರಿ."

"ಮುಚ್ಚಳದ ಮೇಲೆ ಬರೆದಿದೆ."

"ಎಂಜಿನ್ ಕಂಪನಿದೇನಾ, ಬಿಚ್ಚಿ ಕಟ್ಟಿದ್ದಾ?"

"ಬಿಚ್ಚಿ ಕಟ್ಟಿದ್ದು."

"ಹಂಗಾದ್ರೆ ಮುಚ್ಚಳ ಬಿಟ್ಟು ಕಟ್ಟಿದವರನ್ನ ಕೇಳಪ್ಪ."

"ಕಟ್ಟಿದವನ ಬಾಯಿಗೆ ಬೀಗ. ನೀವು ಕೊಡ್ತೀರೋ ಇಲ್ವೋ?"

ಕೊಟ್ಟ. ಕೊಡುವಾಗ ತಲೆ ಅಲ್ಲಾಡಿಸಿದ. ಊರಿನವರೆಲ್ಲ ತಲೆ ಅಲ್ಲಾಡಿಸುತ್ತಾರೆ, ಒಬ್ಬರೂ ಬಿಡಿಸಿ ಹೇಳುವುದಿಲ್ಲ ಅಂತ ಬೈದುಕೊಂಡೇ ಬಂದೆ. ಅವನು ಬಿಡಿಸಿ ಹೇಳಿಯೇ ಇದ್ದ. ಆದರೆ ಸಿಟ್ಟಿಗೆ ಕಿವಿ ಎಲ್ಲಿರುತ್ತದೆ?

ನಾನೇ ಸುರಿದೆ. ಶಟರ್ ಪೂರ್ತಿ ಮೇಲೆತ್ತಿ, ಬೀದಿಗೆಲ್ಲ ಕಾಣುವ ಹಾಗೆ ಸುರಿದೆ. ಎದುರುಗಡೆ ಗ್ಯಾರೇಜಿನವನು ಕೂಡ ಎದ್ದು ನಿಂತು ನೋಡಿದ. ನೋಡಲಿ ಅಂತಲೇ ನಿಧಾನವಾಗಿ ಸುರಿದೆ.

ಸಂಜೆ ಅತ್ತೆ, ಅಂದರೆ ಮಾವನ ಹೆಂಡತಿ, ಫೋನ್ ಮಾಡಿದಳು. "ಹಲ್ಲು ಒಂದೇ ಏಟಿಗೆ ಬರಲಿಲ್ಲವಂತೆ ಕಣೋ, ಒಡೆದು ತೆಗೆದಿದ್ದಾರೆ. ಮಾತ್ರೆ ನುಂಗಿ ಮಲಗಿಬಿಟ್ಟಿದ್ದಾರೆ. ನಿದ್ದೆಯಲ್ಲಿ ಎಣ್ಣೆ ಎಣ್ಣೆ ಅಂತ ಕನವರಿಸ್ತಿದ್ದಾರೆ. ತಲೆಗೆ ಹಚ್ಚಲಾ?"

"ಹಚ್ಚಿ ಅತ್ತೆ. ಚೆನ್ನಾಗಿ ತಿಕ್ಕಿ" ಅಂದೆ.

ಭಾನುವಾರ ನಾನೂ ಅಕ್ಕನೂ ಬೇಗ ಹೊರಟೆವು. ಮಾವನಿಗೆ ಕಾಯಲಿಲ್ಲ. "ಎಣ್ಣೆ ಹಾಕಾಯ್ತಾ?" ಅಂತ ಅಕ್ಕ ಕೇಳಿದಳು. "ಆಯ್ತು" ಅಂದೆ. ಯಾರು ಹಾಕಿದ್ದು ಅಂತ ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಎದುರುಗಡೆ ಗ್ಯಾರೇಜಿನವನೂ ಯಾರದೋ ಗಾಡಿ ತಂದು ನಮ್ಮ ಪಕ್ಕದಲ್ಲೇ ನಿಲ್ಲಿಸಿದ್ದ.

ಅಕ್ಕ ಅಭ್ಯಾಸಕ್ಕೆ ಇಳಿದಳು. ಮೊದಲ ಸುತ್ತುಗಳಲ್ಲಿ ಗಾಡಿ ಬೆಣ್ಣೆಯ ಹಾಗೆ ಓಡಿತು. ನನ್ನ ಎದೆ ಇಷ್ಟು ಅಗಲವಾಯಿತು. ಅಷ್ಟರಲ್ಲಿ ಮಾವನ ಹಳೇ ವ್ಯಾನು ಗೇಟು ದಾಟಿ ನುಗ್ಗಿ ಬಂತು. ದವಡೆಗೆ ಬಟ್ಟೆ ಕಟ್ಟಿಕೊಂಡು, ಎಣ್ಣೆ ಸುರಿಯುವ ತಲೆಯಲ್ಲೇ ಮಾವ ಇಳಿದ. ಒಂದು ಕೈಯಲ್ಲಿ ಆ ಅಲ್ಯೂಮಿನಿಯಂ ಕ್ಯಾನು. ಬೆಳಗ್ಗೆ ಗ್ಯಾರೇಜಿಗೆ ಹೋದರೆ ಗಾಡಿ ಇಲ್ಲ, ಕ್ಯಾನು ಮಾತ್ರ ತುಂಬಿದ ಹಾಗೇ ಇದೆ, ಅಲ್ಲಿಂದ ಓಡಿಬಂದಿದ್ದ.

ಬಾಯಿ ತುಂಬ ಹತ್ತಿ. "ಊಂ? ಊಂ?" ಅಂತ ಕ್ಯಾನು ತೋರಿಸಿದ.

ನಾನು ಖಾಲಿ ಡಬ್ಬವನ್ನು ಅವನ ಮುಖದ ಮುಂದೆ ಹಿಡಿದೆ. "ಇದು ಹಾಕಿದ್ದೀನಿ. ಓದು. ನಿನ್ನ ಡ್ರಮ್ಮಿನ ಎಣ್ಣೆ ಟ್ಯಾಕ್ಸಿಗೆ ಇಟ್ಕೋ."

ಅವನ ಬಣ್ಣ ಹೋಯಿತು. ಊದಿದ ಕೆನ್ನೆ ಕೂಡ ಬೆಳ್ಳಗಾಯಿತು. ಕ್ಯಾನು ಕೆಳಗಿಟ್ಟು ಟ್ರ್ಯಾಕಿನ ಗೋಡೆಗೆ ಓಡಿ, ಎರಡೂ ಕೈ ಎತ್ತಿ ಅಡ್ಡಡ್ಡ ಬೀಸತೊಡಗಿದ. "ಊಂ! ಊಂಊಂ!" ಪಕ್ಕದವರು ನಕ್ಕರು. ನಾನೂ ನಗಬೇಕು ಅಂದುಕೊಂಡೆ, ನಗು ಬರಲಿಲ್ಲ. ಯಾಕೆಂದರೆ ಉದ್ದನೆಯ ತಿರುವಿನ ಆಚೆಯಿಂದ ಬರಬೇಕಿದ್ದ ಗಾಡಿಯ ಸದ್ದು ಇದ್ದಕ್ಕಿದ್ದ ಹಾಗೆ ನಿಂತುಹೋಗಿತ್ತು.

ಗಾಡಿ ಸದ್ದಿಲ್ಲದೆ ಉರುಳಿಕೊಂಡು ಬಂತು. ಅಕ್ಕ ಎಂಜಿನ್ ಆಫ್ ಮಾಡಿದ್ದಳು. ಹೆಲ್ಮೆಟ್ ಕಿತ್ತು ಸೀಟಿಗೆ ಎಸೆದಳು.

"ಎಣ್ಣೆ ಪ್ರೆಶರ್ ಮುಳ್ಳು ತಿರುವಿನಲ್ಲಿ ಬಿದ್ದುಹೋಯ್ತು. ತಳಕ್ಕೆ! ಏನು ಹಾಕಿದ್ದೀರಿ ಇದಕ್ಕೆ?"

ಮಾವ ನನ್ನನ್ನು ತೋರಿಸಿದ. ನಾನು ಮುಚ್ಚಳ ತೋರಿಸಿದೆ. "ಬರೆದಿರೋದನ್ನೇ ಹಾಕಿದ್ದೀನಿ."

ಮಾವ ಬಾಯಿಗೆ ಕೈ ಹಾಕಿ ಹತ್ತಿ ಕಿತ್ತು ಎಸೆದ. ರಕ್ತ ಉಗಿದ. "ಕತ್ತೆ! ಆ ಮುಚ್ಚಳ ಕಂಪನಿದು. ಎಂಜಿನ್ ನಂದು. ಟ್ರ್ಯಾಕಿನ ಬಿಸಿಗೆ ಕ್ರ್ಯಾಂಕ್ ಬೇರಿಂಗ್ ಸಡಿಲ ಬಿಟ್ಟು, ನಡುವೆ ಸಂದಿ ಇಟ್ಟು ಕಟ್ಟಿದ್ದೀನಿ. ತೆಳು ಎಣ್ಣೆ ಆ ಸಂದಿಯಲ್ಲಿ ನಿಲ್ಲಲ್ಲ, ಸೋರಿ ಹೋಗುತ್ತೆ. ಅದಕ್ಕೆ ನಲವತ್ತು ಬೇಕು. ಐದು ಡಬ್ಲ್ಯೂ ನಲವತ್ತು. ಈ ಕ್ಯಾನಲ್ಲಿರೋದು ಅದೇ, ಫುಲ್ ಸಿಂಥೆಟಿಕ್. ಡ್ರಮ್ಮಿಂದಂತೆ ಡ್ರಮ್ಮಿಂದು!"

"ಮತ್ತೆ ಡಬ್ಬದಿಂದ ತೆಗೆದು ಈ ದರಿದ್ರ ಕ್ಯಾನಿಗೆ ಯಾಕೆ ತುಂಬಿದೆ?"

ಮಾವನ ಕಣ್ಣು ಪಕ್ಕದ ಗಾಡಿಯ ಕಡೆ, ಎದುರುಗಡೆಯವನ ಕಡೆ ಹೋಯಿತು. ಅವನು ಹಿಂದೆ ಮಾವನ ಶಿಷ್ಯ. ಎಲ್ಲ ಕಲಿತು, ಎದುರಿಗೇ ಬೋರ್ಡು ಹಾಕಿ ಕೂತವನು.

ಆಗ ನನಗೆ ಅರ್ಥವಾಯಿತು. ಗುಟ್ಟು ಮತ್ತೆ ಕೈಬಿಟ್ಟು ಹೋಗಬಾರದು ಅಂತಲೇ ಹೆಸರಿಲ್ಲದ ಕ್ಯಾನು, ಅದಕ್ಕೇ ಶಟರ್. ಅರ್ಥವಾದ ಮೇಲೆ ಸಿಟ್ಟು ಇಳಿಯುತ್ತದೆ ಅನ್ನುತ್ತಾರೆ. ಸುಳ್ಳು. ನನಗೆ ನೆತ್ತಿಗೇರಿತು.

"ಕಲಿತು ಬಿಟ್ಟುಹೋದವನು ಅವನು. ಬಾಗಿಲು ಹಾಕಿದ್ದು ನನ್ನ ಮುಖಕ್ಕೆ! ಬೇರಿಂಗ್ ಸಡಿಲ ಇದೆ ಅನ್ನೋ ಎರಡು ಮಾತು. ಎರಡೇ ಮಾತು ಮಾವ. ಅದು ನಿನ್ನ ಬಾಯಿಂದ ಬರೋಕೆ ಡಾಕ್ಟರು ಹಲ್ಲು ಒಡೀಬೇಕಾಯ್ತಾ?"

"ಮುಟ್ಟಬೇಡ ಅಂದಿದ್ದೆ ತಾನೇ?"

"ಯಾಕೆ ಅಂತ ಅಂದಿದ್ಯಾ?"

"ಬಾಯಿ ಮುಚ್ಚಿ ಇಬ್ಬರೂ!" ಅಕ್ಕ ಬಾನೆಟ್ಟಿನ ಮೇಲೆ ಗುದ್ದಿದಳು. "ಒಬ್ಬ ಹೇಳಲ್ಲ, ಒಬ್ಬ ಕೇಳಲ್ಲ. ನಡುವೆ ಸುಡೋದು ನನ್ನ ಎಂಜಿನ್. ಮಧ್ಯಾಹ್ನ ನಾನು ಓಡ್ತೀನಾ ಇಲ್ವಾ? ಅಷ್ಟು ಹೇಳಿ."

"ಫಿಲ್ಟರ್ ಸೀಳಿ ನೋಡಬೇಕು" ಅಂದ ಮಾವ.

ಜಾಕ್ ಕೊಟ್ಟು ಎಣ್ಣೆ ಇಳಿಸಿದೆವು. ಫಿಲ್ಟರ್ ಬಿಚ್ಚಿ ಅದರ ತಗಡು ಕತ್ತರಿಸಿದೆ. ಒಳಗೆ ಬೀಸಣಿಗೆಯ ಹಾಗೆ ಮಡಿಚಿದ ಕಾಗದ ಇರುತ್ತದೆ. ಬೇರಿಂಗ್ ಉಜ್ಜಿಹೋಗಿದ್ದರೆ ಅದರ ಲೋಹದ ಪುಡಿ ಆ ಮಡಿಕೆಗಳಲ್ಲಿ ಸಿಕ್ಕಿಕೊಂಡು ಮಿನುಗುತ್ತದೆ. ಮಿನುಗಿದರೆ ಅಕ್ಕನ ಕಥೆ ಮುಗಿಯಿತು. ಮಾವ ಕಾಗದ ತೆಗೆದುಕೊಂಡು, ಅಭ್ಯಾಸಬಲದಿಂದ, ನನಗೆ ಬೆನ್ನು ತಿರುಗಿಸಿದ.

"ತಿರುಗು" ಅಂದಳು ಅಕ್ಕ. "ಅವನೂ ನೋಡಲಿ."

ಮಾವ ತಿರುಗಿದ. ಬಿಸಿಲಿಗೆ ಹಿಡಿದು ಒಂದೊಂದೇ ಮಡಿಕೆ ಬಿಡಿಸಿದೆವು. ಎಣ್ಣೆ, ಎಣ್ಣೆ, ಬರೀ ಎಣ್ಣೆ. ಕೊನೆಯ ಮಡಿಕೆಯಲ್ಲೂ ಮಿನುಗು ಇಲ್ಲ.

"ಬದುಕಿದೆ" ಅಂದ ಮಾವ. "ಇವಳು ಆಫ್ ಮಾಡಿದ್ದಕ್ಕೆ ಬದುಕಿದೆ. ಇನ್ನೊಂದು ಸುತ್ತು ಓಡಿಸಿದ್ದಿದ್ರೆ ಇಲ್ಲ."

ಮಾವನ ವ್ಯಾನಿನಲ್ಲಿದ್ದ ಹೊಸ ಫಿಲ್ಟರ್ ಕೂರಿಸಿದೆ. ಮಾವ ಕ್ಯಾನು ಎತ್ತಿದ. "ಹೊರಗೆ..." ಅಂತ ಶುರುಮಾಡಿ ಸುತ್ತ ನೋಡಿದ. ಬಟಾಬಯಲು. ಶಟರ್ ಇಲ್ಲ. ಅಕ್ಕ ಅವನ ಕೈಯಿಂದ ಕ್ಯಾನು ಕಿತ್ತು ನನ್ನ ಕೈಗೆ ಕೊಟ್ಟಳು. ನಾನು ಸುರಿದೆ. ಸುರಿಯುವಷ್ಟು ಹೊತ್ತೂ ಹಲ್ಲು ಕಚ್ಚಿಕೊಂಡೇ ಇದ್ದೆ. ಆಮೇಲೆ ಅರ ತೆಗೆದುಕೊಂಡು ಮುಚ್ಚಳದ ಮೇಲಿನ ಅಕ್ಷರಗಳನ್ನು ಕರಕರ ಉಜ್ಜತೊಡಗಿದೆ.

"ಏನು ಮಾಡ್ತಿದ್ದೀಯೋ?" ಅಂದ ಮಾವ.

"ಮೊದಲ ದಿನವೇ ನೀನು ಮಾಡಬೇಕಿದ್ದ ಕೆಲಸ."

0W-20 ಅಳಿಸಿಹೋಯಿತು. ಉಳಿಯಿಂದ 5W-40 ಅಂತ ಕೆತ್ತಿದೆ. ಸೊಟ್ಟಗೆ ಬಂತು. ಬರಲಿ.

ಮಧ್ಯಾಹ್ನ ಅಕ್ಕ ಓಡಿಸಿದಳು. ಪ್ರತಿ ಸಲ ಉದ್ದನೆಯ ತಿರುವಿಗೆ ಹೋದಾಗ ನಾನೂ ಮಾವನೂ ಅದರ ಸದ್ದಿಗೆ ಕಿವಿ ಇಡುತ್ತಿದ್ದೆವು. ಒಬ್ಬರ ಮುಖ ಒಬ್ಬರು ನೋಡುತ್ತಿರಲಿಲ್ಲ. ಕೊನೆಯ ಬಾವುಟ ಬೀಸಿದಾಗಲೂ ಆ ಗಾಡಿ ಬೆಳಗಿನ ಮೊದಲ ಸುತ್ತುಗಳ ಹಾಗೇ ಗುರುಗುಟ್ಟುತ್ತಾ ಬಂತು. "ಮುಳ್ಳು ಅಲ್ಲಾಡಲಿಲ್ಲ" ಅಂತ ಅಕ್ಕ ಇಳಿದಳು.

ತಂಡದ ಹಿರಿಯ ಮೆಕ್ಯಾನಿಕ್ ಬಂದ. ಮೊದಲು ಅಕ್ಕನ ಕೈ ಕುಲುಕಿದ, "ಮುಂದಿನ ವಾರ ಬಾರಮ್ಮ, ನಮ್ಮ ಗಾಡೀಲಿ ಕೂತು ನೋಡು" ಅಂದ. ಆಮೇಲೆ ಬಾನೆಟ್ಟಿನೊಳಗೆ ಬಗ್ಗಿ, ಸೊಟ್ಟ ಅಕ್ಷರ ಕಂಡು ನಕ್ಕ. "ಈ ಎಂಜಿನ್ನಿಗೆ ನಲವತ್ತಾ? ಯಾಕೆ?"

ಮಾವ ಕ್ಯಾನು ಎತ್ತಿ ಬೆನ್ನ ಹಿಂದೆ ಇಟ್ಟುಕೊಂಡ. ಎದುರುಗಡೆಯವನು ಪಕ್ಕದಲ್ಲಿ ಟೈರು ಒರೆಸುವುದನ್ನು ನಿಲ್ಲಿಸಿದ್ದ.

ನಾನೇ ಹೇಳಿದೆ. ಗಟ್ಟಿಯಾಗಿ ಹೇಳಿದೆ. "ಬೇರಿಂಗ್ ಸಡಿಲ ಕಟ್ಟಿದೆ ಸಾರ್. ತೆಳು ಎಣ್ಣೆ ನಿಲ್ಲಲ್ಲ."

"ಹಂಗಾದ್ರೆ ಐವತ್ತು ಯಾಕೆ ಹಾಕಬಾರದು?"

ಅದು ನನಗೆ ಗೊತ್ತಿರಲಿಲ್ಲ. ಗೊತ್ತಾಗಲು ಬಿಟ್ಟಿದ್ದರೆ ತಾನೇ. ಬಾಯಿಗೆ ಬಂದದ್ದು ಹೇಳಿದೆ. "ಹಾಕಬಹುದು ಸಾರ್. ದಪ್ಪ ಇದ್ದಷ್ಟೂ ಒಳ್ಳೇದೇ."

"ಯಾವ ಕತ್ತೆ ಹೇಳಿಕೊಟ್ಟಿತು ನಿಂಗೆ?" ಮಾವ ಸಿಡಿದ. "ದಪ್ಪ ಎಣ್ಣೆ ಕಲಕೋಕೇ ಎಂಜಿನ್ನಿನ ಅರ್ಧ ಶಕ್ತಿ ಹೋಗುತ್ತೆ. ಆ ಶಕ್ತಿ ಎಲ್ಲಾ ಬಿಸಿಯಾಗಿ ಎಣ್ಣೆಗೇ ಏರುತ್ತೆ. ಸಂದಿಗೆ ತಕ್ಕ ಎಣ್ಣೆ ಕಣೋ, ಸಂದಿಗೆ ತಕ್ಕ ಎಣ್ಣೆ! ನಾನು ಬಿಟ್ಟಿರೋ ಸಂದಿ ಎಷ್ಟು ಗೊತ್ತಾ?"

"ಹೇಳಿದ್ರೆ ಗೊತ್ತಾಗುತ್ತೆ!" ಅಂತ ನಾನೂ ಕಿರುಚಿದೆ.

ಮಾವ ಬಾಯಿ ತೆರೆದ. ಕಣ್ಣು ಎದುರುಗಡೆಯವನ ಕಡೆ ಹೋಯಿತು. ಅವನು ಚಿಂದಿ ಬಟ್ಟೆ ಕೈಯಲ್ಲಿ ಹಿಡಿದು ಹಾಗೇ ನಿಂತಿದ್ದ. ಮಾವ ಇನ್ನೊಮ್ಮೆ ರಕ್ತ ಉಗಿದು, ನನ್ನ ರಟ್ಟೆ ಹಿಡಿದು ಎಂಜಿನ್ನಿನ ಹತ್ತಿರಕ್ಕೆ ಎಳೆದ. ನೋಯುವಷ್ಟು ಜೋರಾಗಿ.

"ಬಗ್ಗು ಇಲ್ಲಿ" ಅಂದ. "ಒಂದೇ ಸಲ ಹೇಳ್ತೀನಿ."

"ಎರಡು ಸಲ ಹೇಳು" ಅಂದೆ.