ಮೂರನೇ ಮಹಡಿಯ ಅಳತೆ

ಒಂದಾನೊಂದು ಬೀದಿಯಲ್ಲಿ ಒಬ್ಬ ದರ್ಜಿ ಇದ್ದ. ಬಹಳ ಹಿಂದಿನ ಮಾತೇನಲ್ಲ, ನಮ್ಮ ನಿಮ್ಮ ಕಾಲದ್ದೇ. ಅವನು ಹೊಲಿದ ಬಟ್ಟೆ ಮೈಗೆ ಹೇಳಿ ಮಾಡಿಸಿದ ಹಾಗೆ ಕೂರುತ್ತಿತ್ತು. ಸಿಂಹಾಸನದಿಂದ ಏಳಲಾಗದ ಹಾಗೆ ಶಾಪ ಹೊತ್ತ ರಾಜರು ಕಥೆಗಳಲ್ಲಿ ಬರುತ್ತಾರಲ್ಲ, ಇವನಿಗೆ ಅಂಥ ಶಾಪ ಕೊಟ್ಟವರು ಯಾರೂ ಇರಲಿಲ್ಲ. ಮನೆಯವರ ಪ್ರೀತಿಯೇ ಅವನನ್ನು ಸ್ಟೂಲಿಗೆ ಕಟ್ಟಿಹಾಕಿತ್ತು. ದಾರ, ಕತ್ತರಿ, ನೀರಿನ ಚೊಂಬು, ಊಟದ ತಟ್ಟೆ, ಎಲ್ಲವನ್ನೂ ಹೆಂಡತಿ ಕೈಗೆಟಕುವಲ್ಲೇ ತಂದಿಡುತ್ತಿದ್ದಳು. ಅಪ್ಪನ ಕಾಲು ನೋಯಬಾರದೆಂದು ಮಗ ಹೊಲಿಗೆ ಮಿಷನ್ನಿಗೆ ಮೋಟಾರು ಹಾಕಿಸಿದ್ದ.

ಎದುರು ಕಟ್ಟಡದ ಮೂರನೇ ಮಹಡಿಯಲ್ಲಿ ದರ್ಜಿಯ ಅಕ್ಕ ತನ್ನ ಮಗಳ ಜೊತೆ ಇದ್ದಳು. ತಾಯಿಯಿಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಮಂಡಿ ಸವೆದು ಈಗ ಕೆಳಗಿಳಿಯಲಾರಳು. ಚಳಿಗೆ ಮೊದಲು ಅವಳಿಗೊಂದು ಕೋಟು ಹೊಲಿದುಕೊಡುತ್ತೇನೆಂದು ದರ್ಜಿ ಮಾತು ಕೊಟ್ಟಿದ್ದ. ಚಳಿ ಬಂತು, ಕೋಟು ಬರಲಿಲ್ಲ.

“ನಿನ್ನ ಹಳೇ ಕೋಟು ಕಳಿಸಕ್ಕ, ಅದರ ಅಳತೆಗೇ ಹೊಲೀತೀನಿ,” ಎನ್ನುತ್ತಿದ್ದ ಫೋನಿನಲ್ಲಿ.

“ಹಳೇ ಕೋಟಲ್ಲಿದ್ದ ಅಕ್ಕ ಈಗ ಅರ್ಧ ಆಗಿದಾಳೆ ಕಣೋ. ನೀನೇ ಬಂದು ಅಳತೆ ತಗೋ. ರಸ್ತೆ ದಾಟಿದ್ರೆ ನಾನು.”

“ಕೆಲಸ ತಲೆ ಮೇಲಿದೆ. ನಾಳೆ ಬರ್ತೀನಿ.”

“ನಿನ್ನ ನಾಳೆ ಬರೋ ಹೊತ್ತಿಗೆ ನಾನಿರ್ತೀನೋ ಇಲ್ವೋ.”

ಕೆಲಸ ಬರೀ ನೆಪ. ಒಮ್ಮೆ ಹೋಗಿದ್ದ. ಮೊದಲ ಮಹಡಿ ಮುಟ್ಟುವಷ್ಟರಲ್ಲಿ ಉಸಿರು ಕಟ್ಟಿ, ಕಣ್ಣು ಕತ್ತಲಿಟ್ಟು, ಕಂಬಿ ಹಿಡಿದು ಕೂತು, ಹಾಗೇ ಇಳಿದು ಬಂದಿದ್ದ. ಯಾರಿಗೂ ಹೇಳಿರಲಿಲ್ಲ.

ಒಂದು ಬೆಳಿಗ್ಗೆ ಆರೋಗ್ಯ ಕೇಂದ್ರದ ನರ್ಸಮ್ಮ ಹೊಲಿಯಲು ಕೊಟ್ಟಿದ್ದ ಬಟ್ಟೆ ಒಯ್ಯಲು ಬಂದಳು. ಕಪಾಟಿನಿಂದ ತೆಗೆದುಕೊಡಲು ದರ್ಜಿ ಅಪರೂಪಕ್ಕೆ ಎದ್ದ.

“ಅಣ್ಣ, ನಿಮ್ಮ ಪ್ಯಾಂಟಿನ ಹಿಂದೆ ಗಾಢ ಬಣ್ಣದ ಪಟ್ಟಿ ಏನದು?”

“ಒಗೆದೂ ಒಗೆದೂ ಬಟ್ಟೆ ಕುಗ್ಗುತ್ತಮ್ಮ. ಹೊಲಿಗೆ ಬಿಚ್ಚಿ, ಒಳಗೆ ಮಡಚಿದ್ದ ಬಣ್ಣ ಮಾಸದ ಬಟ್ಟೆ ಬಿಟ್ಟು ಸಡಿಲ ಮಾಡಿದೆ.”

“ಸೊಂಟದಲ್ಲಿ ಮಾತ್ರ ಕುಗ್ಗೋ ಬಟ್ಟೆನಾ? ಕಾಲುದ್ದ ಹಾಗೇ ಇದೆಯಲ್ಲ!”

ಹೆಂಡತಿ ಒಳಗಿಂದ ಬಂದಳು. “ವ್ಯಾಯಾಮ, ಅದೂ ಇದೂ ಅಂತ ಶುರು ಮಾಡ್ಬೇಡಿ ನರ್ಸಮ್ಮ. ಕೆಲಸವಿಲ್ಲದೋರು ಮಾಡ್ತಾರೆ ಅದನ್ನ. ಇವರು ದಿನವಿಡೀ ಮಿಷನ್ ತುಳೀತಾರೆ.”

“ತುಳಿಯೋದು ಮೋಟಾರು ಅತ್ತಿಗೆ. ಅದಕ್ಕೇ ಅದು ಸಣ್ಣಗಿದೆ.”

ಹೆಂಡತಿ ನಕ್ಕಳು. ದರ್ಜಿ ನಗಲಿಲ್ಲ. ಎದುರಿನ ಕಿಟಕಿಯಲ್ಲಿ ಶಾಲು ಹೊದ್ದ ಅಕ್ಕನ ತಲೆ ಕಾಣುತ್ತಿತ್ತು.

“ಅಕ್ಕನ ಮನೆ ಮೆಟ್ಟಿಲು ಹತ್ತೋಕಾಗಲ್ಲಮ್ಮ,” ಎಂದ ಮೆಲ್ಲಗೆ. “ಒಂದು ಮಹಡಿಗೇ ಉಸಿರು ನಿಂತ ಹಾಗಾಯ್ತು.”

“ನಂಗ್ಯಾಕೆ ಹೇಳ್ಲಿಲ್ಲ?” ಎಂದಳು ಹೆಂಡತಿ.

“ಹೇಳಿದ್ರೆ ಸ್ಟೂಲಿಂದ ಏಳೋಕೂ ಬಿಡ್ತಿರ್ಲಿಲ್ಲ ನೀನು.”

ಅದು ನಿಜವೆಂದು ಅವಳಿಗೂ ಗೊತ್ತಿತ್ತು.

“ಇವತ್ತೇ ಡಾಕ್ಟ್ರ ಹತ್ರ ಬನ್ನಿ,” ಎಂದಳು ನರ್ಸಮ್ಮ. “ಪರೀಕ್ಷೆ ಮಾಡಿಸದೆ ಹುಮ್ಮಸ್ಸಲ್ಲಿ ಮೆಟ್ಟಿಲು ಹತ್ತೋಕೆ ಹೋಗ್ಬೇಡಿ.”

ಹೆಂಡತಿಯೂ ಜೊತೆಗೆ ಹೋದಳು. ಡಾಕ್ಟರು ಎದೆ ನೋಡಿದರು, ರಕ್ತ ಪರೀಕ್ಷೆ ಮಾಡಿಸಿದರು. ರಕ್ತದೊತ್ತಡ ಏರಿತ್ತು. ಸಕ್ಕರೆ ಕಾಯಿಲೆ ಹೊಸ್ತಿಲಲ್ಲಿ ನಿಂತಿತ್ತು. “ಹೃದಯಕ್ಕೆ ಸದ್ಯ ಏನೂ ಆಗಿಲ್ಲ. ಹೀಗೇ ಕೂತ್ರೆ ಆಗುತ್ತೆ. ಮಾತ್ರೆ ತಪ್ಪಿಸಬೇಡಿ. ಉಪ್ಪು, ಸಕ್ಕರೆ, ಕರಿದದ್ದು ಕಡಿಮೆ ಮಾಡಿ. ಮಾತಾಡ್ತಾ ನಡೆಯೋಕೆ ಆಗೋಷ್ಟು ವೇಗದಲ್ಲಿ ದಿನಾ ನಡೀರಿ. ಎದೆ ಹಿಡಿದ ಹಾಗಾದ್ರೆ ಅಲ್ಲೇ ನಿಂತು, ಯಾರನ್ನಾದ್ರೂ ಕರೆದು, ತಕ್ಷಣ ಇಲ್ಲಿಗೆ ಬನ್ನಿ.”

ಮನೆಗೆ ಬಂದವಳೇ ಹೆಂಡತಿ ಕತ್ತರಿಯನ್ನು ಆಚೆ ಗೋಡೆಯ ಮೊಳೆಗೆ ನೇತುಹಾಕಿದಳು. ದಾರ ಅಡುಗೆಮನೆ ಸೇರಿತು, ನೀರು ಹಿತ್ತಲು ಸೇರಿತು.

“ಇದೇನೇ, ಹಗೆ ಸಾಧಿಸ್ತಿದೀಯಾ?”

“ಇಷ್ಟು ದಿನ ಸಾಧಿಸಿದ್ದೇ ಹಗೆ. ನಂಗೆ ಗೊತ್ತಿರ್ಲಿಲ್ಲ ಅಷ್ಟೆ.”

ಮಗ ಮಿಷನ್ನಿನ ಮೋಟಾರು ಬಿಚ್ಚಿಟ್ಟ.

ಬೆಳಗಾದರೆ ಗಂಡ ಹೆಂಡತಿ ಬೀದಿಗಿಳಿಯುತ್ತಿದ್ದರು. ಬೀದಿಯ ಕೊನೆ ಮುಟ್ಟುವುದರೊಳಗೆ ಅವಳಿಗೂ ಏದುಸಿರು. “ಯಾವ ಬಸ್ಸು ಹಿಡಿಯೋಕೆ ಇಷ್ಟು ಅವಸರ?” ಎಂದು ಬ್ರೆಡ್ಡಿನ ಅಂಗಡಿಯವ ಕೆಣಕಿದ. “ಮೂರನೇ ಮಹಡಿ ಬಸ್ಸು! ಬರೋದಾದ್ರೆ ನೀವೂ ಹತ್ತಿ,” ಎಂದಳು ಅವಳು. ದರ್ಜಿಗೆ ಒಂದೊಂದು ದಿನ ಕಾಲು ಸೋಲುತ್ತಿತ್ತು, ಒಂದೊಂದು ದಿನ ಮನಸ್ಸು. ಅಷ್ಟರಲ್ಲಿ ಅಕ್ಕನ ಮಗಳು ಫೋನು ಮಾಡಿದಳು: “ಮಾವ, ಅಮ್ಮ ಚಳಿಗೆ ನಡುಗ್ತಾರೆ. ಬೇರೆ ಕೋಟು ತರ್ತೀನಿ ಅಂದ್ರೆ ಬೇಡ ಅಂತಾರೆ. ‘ನನ್ನ ತಮ್ಮ ತರ್ತಾನೆ’ ಅಂತ ಕೂತಿದ್ದಾರೆ.” ಆಮೇಲೆ ಅವನ ಮನಸ್ಸು ಸೋಲಲಿಲ್ಲ. ಕೆಲವು ವಾರ ಕಳೆದ ಮೇಲೆ ಡಾಕ್ಟರು ಮತ್ತೊಮ್ಮೆ ನೋಡಿ, “ಇನ್ನು ನಿಧಾನವಾಗಿ ಹತ್ತಿ,” ಎಂದರು.

ಇದನ್ನು ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಒಬ್ಬರು ಹೀಗೆ ಕೂತೇ ಇರಬಹುದು. ಕೂತಲ್ಲಿಗೇ ಎಲ್ಲ ತಂದುಕೊಡುವುದೇ ಪ್ರೀತಿ ಎಂದುಕೊಳ್ಳಬೇಡಿ. ಕೈಹಿಡಿದು ಎಬ್ಬಿಸಿ, ಜೊತೆಗೆ ನಡೆಯಿರಿ. ಉಸಿರು ಕಟ್ಟಿದರೆ ನಾಚಿ ಬಚ್ಚಿಡಬೇಡಿ, ಹತ್ತಿರದ ಆರೋಗ್ಯ ಕೇಂದ್ರಕ್ಕೆ ಇವತ್ತೇ ಹೋಗಿ. ನಿಮ್ಮ ದಾರಿ ಕಾಯುವವರೂ ಯಾವುದೋ ಮಹಡಿಯಲ್ಲಿ ಕೂತಿರುತ್ತಾರೆ.

ಕಥೆಯಲ್ಲಿ ಉಳಿದದ್ದು ಇಷ್ಟು. ದರ್ಜಿ ಮಹಡಿಗೊಮ್ಮೆ ನಿಂತು, ಸುಧಾರಿಸಿಕೊಂಡು, ಅಕ್ಕನ ಬಾಗಿಲು ತಟ್ಟಿದ.

“ಬಂದ್ಯೇನೋ?”

“ಬಂದೆ ಅಕ್ಕ.”

ಅಳತೆಯ ಟೇಪು ಅವಳನ್ನು ಸುತ್ತಿ ಇನ್ನೂ ಎಷ್ಟೋ ಉಳಿಯಿತು. ಅವನು ನಂಬಲಾಗದೆ ಇನ್ನೊಮ್ಮೆ ಸುತ್ತಿ ಅಳೆದ.

ತನ್ನ ಕಾಲಲ್ಲೇ ಮಿಷನ್ ತುಳಿದು ಕೋಟು ಹೊಲಿದ. ಮತ್ತೆ ಮೂರು ಮಹಡಿ ಹತ್ತಿ, ಅಕ್ಕನ ತೋಳುಗಳನ್ನು ಒಂದೊಂದಾಗಿ ಕೋಟಿನೊಳಗೆ ತೂರಿಸಿ, ಕತ್ತಿನ ಹತ್ತಿರದ ಕೊನೆಯ ಗುಂಡಿಯನ್ನು ತಾನೇ ಹಾಕಿದ.