ಬಾಟಲಿಯ ಕೊರಳಿನ ಬಿಳಿ ಎಳೆ

ಸಾವಳಗಿ ಹತ್ತಿರದ ಒಂದು ಊರು. ಅಲ್ಲಿಯ ಬೀರಪ್ಪನ ಗುಡಿಯ ಕಟ್ಟೆಯ ಮೇಲೆ ಮಾದೇವಿ ಹೆಂಗಸರಿಗೆ ಓದು ಬರಹ ಕಲಿಸುತ್ತಿದ್ದಳು. ಸಾಕ್ಷರತಾ ಕೇಂದ್ರದ ಪ್ರೇರಕಿ ಅವಳು. ಮಧ್ಯಾಹ್ನ ಮೂರಕ್ಕೆ ಹಲಗೆ ಒರಗಿಸಿ ಕೂತರೆ ಬರುವವರು ಇಬ್ಬರೇ, ತಾರವ್ವ ಮತ್ತು ಶಿವವ್ವ. ಉಳಿದವರಿಗೆ ಸರಿಯಾಗಿ ಮೂರಕ್ಕೇ ಮನೆಗೆಲಸ ನೆನಪಾಗುತ್ತಿತ್ತು.

ಕುರಿ ಕಾಯುವ ಸಾತವ್ವ ಮಾತ್ರ ದಿನಾ ಬರುತ್ತಿದ್ದಳು. ಆದರೆ ಕೂರುತ್ತಿರಲಿಲ್ಲ. ಕಂಬಕ್ಕೆ ಒರಗಿ ನಿಂತು ಪ್ರಶ್ನೆ ಕೇಳಿ ಹೋಗುವುದು ಅವಳ ಚಟ.

"ಅಕ್ಕಾರ, ಆ ಅಕ್ಷರದ ತಲಿಮ್ಯಾಲೆ ಗಂಟು ಯಾಕ ಹಾಕೀರಿ?"

"ಗಂಟು ಇದ್ರ 'ಕಿ', ಇಲ್ಲಂದ್ರ 'ಕ'. ಬಾ ಸಾತಕ್ಕ, ಕುಂತು ಕಲಿ."

"ನಾ ಕಲ್ತು ಏನ್ ಮಾಡ್ಲಿ? ನನ್ನ ಕುರಿ ಏನ್ ಸಾಲಿ ಕಲ್ತಾವೇನು?" ಎಂದು ನಕ್ಕು ಹೋಗುವಳು. ಮರುದಿನ ಮತ್ತೆ ಕಂಬದ ಹತ್ತಿರ ಹಾಜರು.

ಒಂದು ದಿನ ಕಾಲುವೆ ದಂಡೆಯ ಮೇಲೆ ಮೂರು ಮನೆಯ ಕುರಿಗಳು ಬೆರೆತುಹೋದವು. ಸಾತವ್ವ ಒಂದೊಂದರ ಕಿವಿ ನೋಡಿ ಚಕಚಕನೆ ಬೇರೆ ಮಾಡತೊಡಗಿದಳು. ಆ ದಾರಿಯಲ್ಲಿ ಬಂದ ಮಾದೇವಿ ಬಾಯಿ ಬಿಟ್ಟು ನಿಂತಳು.

"ಹೆಂಗ ಗೊತ್ತಾಗ್ತೈತಿ ಸಾತಕ್ಕ?"

"ಎಡಗಿವಿ ತುದಿ ಕೊಯ್ದಿದ್ದು ನಮ್ಮವು. ಬಲಗಿವಿಗೆ ಎರಡು ಕಚ್ಚು ಇದ್ರ ನಮ್ಮ ಮೈದುನ ಮಾಳುನವು. ನಡುವ ತೂತು ಇದ್ರ ಕರೆಪ್ಪನವು."

ಮಾದೇವಿ ಅದನ್ನು ಹಾಗೇ ಚೀಟಿಯಲ್ಲಿ ಬರೆದುಕೊಂಡಳು. ಅಷ್ಟರಲ್ಲಿ ಬಟ್ಟೆ ಒಗೆಯಲು ತಾರವ್ವ ಬಂದಳು. ಮಾದೇವಿ ಚೀಟಿಯನ್ನು ಅವಳ ಕೈಗೆ ಕೊಟ್ಟಳು. ಮೂರು ತಿಂಗಳ ಕಲಿಕೆ, ತಾರವ್ವ ತಡವರಿಸುತ್ತಲೇ ಓದಿದಳು: "ಎ...ಡ...ಗಿ...ವಿ ತು...ದಿ..."

ಸಾತವ್ವ ತಾರವ್ವನ ಬಾಯಿ ನೋಡಿದಳು, ಚೀಟಿ ನೋಡಿದಳು, ಚೀಟಿಯ ಹಿಂಬದಿಯನ್ನೂ ತಿರುವಿ ನೋಡಿದಳು. "ಎಲಾ ಇಕಿನ! ನಾ ಅಂದಾಗ ಇಕಿ ಇಲ್ಲಿ ಇರಲೇ ಇಲ್ಲ. ನನ್ನ ಮಾತು ಇಕಿ ಬಾಯಾಗ ಹೆಂಗ ಬಂತು?"

"ನೀ ಕಿವಿ ಓದ್ತಿ, ಆಕಿ ಅಕ್ಷರ ಓದ್ತಾಳ. ಅಷ್ಟ ಫರಕು," ಎಂದಳು ಮಾದೇವಿ.

ಮನೆಗೆ ಹೋಗಿ ಸಾತವ್ವ ಗಂಡ ಕಾಮಣ್ಣನಿಗೆ ಹೇಳಿದಳು. ಅವನು ರೊಟ್ಟಿ ಮುರಿಯುತ್ತಲೇ ನಕ್ಕ. "ಗಿಡಾಗಿ ಬಗ್ಗಲಿಲ್ಲ, ಮರಾಗಿ ಬಗ್ಗೀತೇನ? ಸುಮ್ನ ಕುರಿ ಕಾಯಿ." ಸಾತವ್ವನಿಗೂ ಅದು ಖರೆ ಅನ್ನಿಸಿತು. ಮೂವತ್ತು ವರ್ಷ ಅಕ್ಷರವಿಲ್ಲದೆ ಯಾವ ಕೆಲಸ ನಿಂತಿತ್ತು ಹೇಳಿ!

ಔಷಧದ ಬಾಟಲಿಗೂ ಅವಳು ಗುರುತು ಮಾಡಿಕೊಂಡಿದ್ದಳು. ಹೊಟ್ಟೆಯ ಜಂತುಹುಳಕ್ಕೆ ಕುಡಿಸುವ ಔಷಧದ ಬಾಟಲಿಗೆ ಬಿಳಿ ಉಣ್ಣೆಯ ಎಳೆ, ಹೇನಿಗೆ ಮೈ ತೊಳೆಯುವ ಔಷಧಕ್ಕೆ ಕರಿ ಎಳೆ. ಕುಡಿಯುವುದು ಹಾಲು, ಹಾಲು ಬಿಳಿ, ಆದ್ದರಿಂದ ಬಿಳಿ ಎಳೆಯದು ಕುಡಿಸಲಿಕ್ಕೆ. ಇಷ್ಟು ವರ್ಷದಲ್ಲಿ ಒಮ್ಮೆಯೂ ತಪ್ಪಿರಲಿಲ್ಲ.

ಮಳೆ ಬಿತ್ತು, ಹಸಿ ಹುಲ್ಲು ಚಿಗುರಿತು, ಜಂತುಹುಳದ ಔಷಧ ಕುಡಿಸುವ ಕಾಲ ಬಂತು. ನೋಡಿದರೆ ಸಾತವ್ವನ ಬಾಟಲಿ ಖಾಲಿ. ಪಕ್ಕದ ಮನೆಯೇ ಮಾಳುವಿನದು. ಮನೆಯಲ್ಲಿ ಯಾರೂ ಇರಲಿಲ್ಲ, ಗೋಡೆಯ ಗೂಡಿನಲ್ಲಿ ಎರಡು ಬಾಟಲಿ ಇದ್ದವು, ಅವಕ್ಕೂ ಒಂದಕ್ಕೆ ಬಿಳಿ, ಒಂದಕ್ಕೆ ಕರಿ ಎಳೆ ಕಟ್ಟಿತ್ತು. ಸಾತವ್ವ ಬಿಳಿ ಎಳೆಯದನ್ನು ತಂದಳು.

ಮೊದಲು ಹಿಡಿದದ್ದು ಚುಕ್ಕಿಯನ್ನು. ತಾಯಿ ಸತ್ತ ಮರಿ ಅದು, ಸಾತವ್ವ ಬಟ್ಟೆ ಅದ್ದಿ ಹಾಲು ಕುಡಿಸಿ ಬೆಳೆಸಿದ್ದಳು. ಈಗ ಅದರ ಹೊಟ್ಟೆಯಲ್ಲೇ ಮರಿ ಇತ್ತು. ಬಿದಿರಿನ ಗೊಟ್ಟದಲ್ಲಿ ಔಷಧ ಸುರಿದು ಬಾಯಿಗೆ ಹಾಕಿದಳು. ಚುಕ್ಕಿ ನಂಬಿ ಕುಡಿಯಿತು.

ಎರಡನೇ ಕುರಿಯನ್ನು ಮೊಣಕಾಲ ನಡುವೆ ಹಿಡಿದಾಗ ತಾರವ್ವ ಬಂದಳು. ಹೊಸದಾಗಿ ಓದಲು ಕಲಿತವಳಿಗೆ ಕಂಡದ್ದೆಲ್ಲ ಓದುವ ಹುಚ್ಚು. ಬಸ್ಸಿನ ಹಲಗೆ, ಗೊಬ್ಬರದ ಚೀಲ, ಯಾವುದನ್ನೂ ಬಿಡುತ್ತಿರಲಿಲ್ಲ. ಬಾಟಲಿಗೆ ಅಂಟಿಸಿದ ಚೀಟಿಯನ್ನೂ ಓದತೊಡಗಿದಳು.

"ಮೈ...ಗೆ ಮಾ...ತ್ರ. ಕು...ಡಿ...ಸ..."

"ಕುಡಿಸ್ರಿ ಅಂತ ಬರ್ದೈತಿ, ಹೌದಿಲ್ಲೋ?" ಎಂದು ಸಾತವ್ವ ಗೊಟ್ಟ ಎತ್ತಿದಳು.

"ತಡಿ ಬೇ, ಮುಗಿದಿಲ್ಲ. ಬಾ...ರ...ದು. ಕುಡಿಸಬಾರದು! ಸಾತವ್ವಾ, ಕೈ ತಗಿ!"

ಗೊಟ್ಟ ನೆಲಕ್ಕೆ ಬಿತ್ತು. ಕಾಮಣ್ಣ ಸೈಕಲ್ ಹತ್ತಿ ಸಾವಳಗಿಗೆ ಓಡಿದ. ದನದ ಡಾಕ್ಟರು ಬಂದು ಬಾಟಲಿ ನೋಡಿದರು, ಚುಕ್ಕಿಗೆ ಸೂಜಿ ಚುಚ್ಚಿದರು. "ಇದು ವಿಷ ಐತ್ರಿ ಅವ್ವಾರ. ಮೈಗೆ ಹಚ್ಚೂದು. ನಿಮ್ಮ ಕೈನೂ ಸಬಕಾರ ಹಚ್ಚಿ ತೊಳಕೋರಿ." ಉಳಿದ ಕುರಿಗಳು ಉಳಿದವು. ಚುಕ್ಕಿ ಸಂಜೆಗೆ ಸಾತವ್ವನ ತೊಡೆಯ ಮೇಲೆ ಸತ್ತಿತು, ಹೊಟ್ಟೆಯ ಮರಿಯೂ ಹೋಯಿತು.

ಸುದ್ದಿ ಕೇಳಿ ಮಾಳು ಓಡಿ ಬಂದ. "ವೈನಿ, ನಮ್ಮನ್ಯಾಗ ಬಿಳಿ ಎಳಿ ಅಂದ್ರ ಸಬಕಾರದ ನೊರಿ, ಮೈ ತೊಳಿಯೂದು. ಕುಡಿಸೂದಕ್ಕ ಕರಿ ಎಳಿ. ಹೊಟ್ಟಿ ಒಳಗ ಕತ್ತಲಿ ಇರ್ತೈತಲ್ಲ, ಅದಕ್ಕ."

ಯಾರದು ತಪ್ಪು? ಮಾಳು ಅವನ ಮನೆಗೆ ಸರಿ, ಸಾತವ್ವ ಅವಳ ಮನೆಗೆ ಸರಿ. ಇಬ್ಬರ ನಡುವೆ ಒಂದು ಮೂಕ ಪ್ರಾಣಿಯ ಜೀವ ಹೋಯಿತು.

"ಚೀಟಿ ನನ್ನ ಕೈಯಾಗ ಇತ್ತು," ಎಂದು ಸಾತವ್ವ ಅತ್ತಳು. "ಬ್ಯಾಡ ಬ್ಯಾಡ ಅಂತ ಅನ್ನಾಕತ್ತಿತ್ತು. ನನಗ ತಿಳೀಲಿಲ್ಲ."

ಸುದ್ದಿ ಕೇಳಿ ಬಂದಿದ್ದ ಮಾದೇವಿ ಅವಳ ಬೆನ್ನ ಮೇಲೆ ಕೈ ಇಟ್ಟಳು. "ಎಳಿ ಒಬ್ಬೊಬ್ಬರ ಮನಿದು, ಸಾತಕ್ಕ. ಅಕ್ಷರ ಎಲ್ಲಾ ಮನಿಗೂ ಒಂದ."

ಮರುದಿನ ಮೂರಕ್ಕೆ ಸಾತವ್ವ ಕಂಬ ದಾಟಿ ಬಂದು ಚಾಪೆಯ ಮೇಲೆ ಕೂತಳು. ಮಾದೇವಿ ಪ್ರೀತಿಯಿಂದ ಹಲಗೆಯ ಮೇಲೆ 'ಸಾತವ್ವ' ಎಂದು ಬರೆಯಹೊರಟಳು.

"ಬ್ಯಾಡ್ರಿ ಅಕ್ಕಾರ. ನನ್ನ ಹೆಸರು ನನಗ ಗೊತ್ತೈತಿ. ಮೊದಲ ಆ ಚೀಟಿ ಕಲಸ್ರಿ."

ಹಿಂದೆ ಯಾರೋ ಕೆಮ್ಮಿದರು. ನೋಡಿದರೆ ಕಾಮಣ್ಣ, ಕಂಕುಳಲ್ಲಿ ಬರೆಯುವ ಪಾಟಿ. "ಏನ್ ಕಾಮಣ್ಣ, ಮರ ಬಗ್ಗಿತೇನ?" ಎಂದು ಶಿವವ್ವ ಕಾಲೆಳೆದಳು. ಕಾಮಣ್ಣ ಪಾಟಿಯನ್ನು ತೊಡೆಯ ಮೇಲಿಟ್ಟು ಕೂತ. 'ಕುಡಿಸಬಾರದು' ಎಂಬ ಆ ಒಂದು ಶಬ್ದ ಕಲಿಯಲು ಸಾತವ್ವನಿಗೆ ಇಪ್ಪತ್ತು ದಿನ ಹಿಡಿಯಿತು. ಕಲಿತ ದಿನವೇ ಮಾಳುವಿನ ಮನೆಗೆ ಹೋಗಿ ಎರಡೂ ಬಾಟಲಿಯ ಚೀಟಿಯಲ್ಲಿ ಆ ಶಬ್ದ ತಾನೇ ಹುಡುಕಿ ಓದಿ, ಎಳೆಗಳನ್ನು ಬಿಚ್ಚಿ ಒಲೆಗೆ ಹಾಕಿದಳು. ವಿಷದ ಬಾಟಲಿಯನ್ನು ಬೇರೆ ಗೂಡಿಗೆ ಎತ್ತಿಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಎಳೆ ಕಟ್ಟಿದ ಬಾಟಲಿ ಇರಬಹುದು. ಕುರಿಯದೋ, ಬೆಳೆಯದೋ, ಕೂಸಿನದೋ. ಚೀಟಿ ಕೀಳಬೇಡಿ. ಓದಿ, ಇಲ್ಲವೇ ಓದಿಸಿ, ಆಮೇಲೆ ಮುಚ್ಚಳ ತೆಗೆಯಿರಿ. ವಯಸ್ಸಾಯಿತೆಂದು ಕಂಬಕ್ಕೆ ಒರಗಿ ನಿಲ್ಲಬೇಡಿ, ನಿಮ್ಮೂರಿನ ಕಲಿಕಾ ಕೇಂದ್ರದ ಚಾಪೆ ನಿಮ್ಮದೇ. ಈ ಕಥೆಯನ್ನು ನಿಮಗೆ ಯಾರಾದರೂ ಓದಿ ಹೇಳುತ್ತಿದ್ದರೆ, ಈಗಲೇ ಅವರ ಕೈಯ ಹಾಳೆ ಇಸಿದುಕೊಳ್ಳಿ. 'ಕುಡಿಸಬಾರದು' ಎಂಬುದು ಎಲ್ಲಿದೆ, ಬೆರಳಿಟ್ಟು ತೋರಿಸಿ ಎನ್ನಿ. ಎಣಿಸಿದರೆ ಆರೇ ಅಕ್ಷರ. ಚುಕ್ಕಿಯ ಜೀವ ಅಷ್ಟರಲ್ಲಿತ್ತು.