ನರ್ಸಬಾಯಿಯ ಅಂಜಿಕೆ

ಅನ್ನಪೂರ್ಣಾಬಾಯಿ ತೀರಿಕೊಂಡ ಮೇಲೆ ಮೊರಬದಲ್ಲಿ ಎಲ್ಲರೂ ಒಂದೇ ಮಾತು ಆಡುತ್ತಾರೆ: ‘ನರ್ಸಬಾಯಾರಿಗೆ ಅಂಜಿಕಿ ಅಂದ್ರ ಏನಂತ ಗೊತ್ತಿರಲಿಲ್ಲ.’  ಅವರ ಅಂಜಿಕೆಯನ್ನು ಅಷ್ಟು ಹತ್ತಿರದಿಂದ ಕಂಡವಳು ಊರಲ್ಲಿ ನಾನೊಬ್ಬಳೇ ಇರಬೇಕು.

ಅವರ ಊರು ಅಳ್ನಾವರ. ಹರೆಯದಲ್ಲೇ ನಮ್ಮೂರ ದವಾಖಾನೆಗೆ ಬಂದವರು ಮದುವೆಯಾಗಲಿಲ್ಲ, ವರ್ಗ ಕೇಳಲಿಲ್ಲ. ಮೊದಲ ಮಳೆಗೆ ಎರಿಯ ಕಪ್ಪು ಮಣ್ಣಿನಲ್ಲಿ ಚಪ್ಪಲಿ ಹೂತುಹೋಗಿ ನಡುದಾರಿಯಲ್ಲಿ ಅತ್ತಿದ್ದರಂತೆ. ನಮ್ಮತ್ತೆ ರೇವವ್ವ ಅದನ್ನು ಹೇಳಿ ಈಗಲೂ ನಗುತ್ತಾಳೆ. ನನ್ನ ಗಂಡ ಪ್ರಭು ಹುಟ್ಟಿದ್ದು ಅವರ ಕೈಯಲ್ಲೇ.

ನನ್ನ ಎರಡನೇ ಹೆರಿಗೆಯ ಹೊತ್ತಿಗೆ ನಾವು ಹೊಲದ ಮನೆಯಲ್ಲಿದ್ದೆವು. ದಿನ ತುಂಬಿರಲಿಲ್ಲ. ನವಲಗುಂದದ ಆಸ್ಪತ್ರೆಗೆ ಮುಂದಿನ ವಾರ ಹೋಗುವುದೆಂದು ಮಾತಾಗಿತ್ತು. ಅಷ್ಟರಲ್ಲಿ ಮಳೆ ಹಿಡಿಯಿತು, ಬಿಡಲೇ ಇಲ್ಲ. ಒಂದು ಮುಂಜಾನೆ ದನಕ್ಕೆ ಮೇವು ಹಾಕುವಾಗ ಹೆರಿಗೆಯ ಬ್ಯಾನಿ ಹತ್ತಿತು. ಪ್ರಭು ಫೋನ್ ಮಾಡಿದ. ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಬಂದು ನಿಂತಿತು. ಹೊಲದ ದಾರಿಗೆ ಇಳಿದರೆ ಮತ್ತೆ ಮೇಲೇಳುವ ಹಾಗಿರಲಿಲ್ಲ. ಅದರಲ್ಲಿ ಬಂದಿದ್ದ ನರ್ಸಬಾಯಾರು ಚಪ್ಪಲಿ ಬಿಟ್ಟು, ಸೀರೆ ಎತ್ತಿ ಕಟ್ಟಿ, ಚೀಲವನ್ನು ತಲೆಯ ಮೇಲಿಟ್ಟುಕೊಂಡು ನಡೆದು ಬಂದರು.

ಅವರು ಬಂದು ಕೈ ತೊಳೆಯುವಷ್ಟರಲ್ಲಿ ಕೂಸು ಬಂತು. ಹೆಣ್ಣು. ಚೆನ್ನಾಗಿ ಅತ್ತಿತು. ಮಾಸೂ ಬಿತ್ತು. ಅತ್ತೆ ಬೆಲ್ಲ ತರಲು ಎದ್ದಳು.

ಆಗ ನನ್ನ ಕೆಳಗೆ ಬಿಸಿಯಾಗಿ ಏನೋ ಹರಿಯತೊಡಗಿತು. ನೋವಿರಲಿಲ್ಲ. ಬಾಯಾರು ನನ್ನ ಹೊಟ್ಟೆ ಮುಟ್ಟಿ ನೋಡಿದರು, ಮುಖ ಒಮ್ಮೆಲೇ ಬದಲಾಯಿತು. ಸೂಜಿ ಚುಚ್ಚಿದರು, ಹೊಟ್ಟೆ ತಿಕ್ಕಿದರು. ಹಾಸಿದ ಕೌದಿ ತೊಯ್ದು ರಕ್ತ ನೆಲಕ್ಕಿಳಿಯಿತು. ಅತ್ತೆ ಬಾಯಿಗೆ ಸೆರಗು ಹಿಡಿದಳು.

“ಪ್ರಭೂ, ಟ್ರ್ಯಾಕ್ಟರ್ ಚಾಲೂ ಮಾಡು!” ಎಂದು ಕೂಗಿದವರೇ ಬಾಯಾರು ಒಂದು ಕೈಯನ್ನು ಒಳಗೆ ಮುಷ್ಟಿ ಮಾಡಿ, ಇನ್ನೊಂದರಿಂದ ಹೊಟ್ಟೆಯನ್ನು ಮೇಲಿಂದ ಒತ್ತಿ, ಗರ್ಭಚೀಲವನ್ನು ನಡುವೆ ಹಿಚುಕಿ ಹಿಡಿದರು. ನಾನು ಚೀರಿದೆ. ಅವರು ಬಿಡಲಿಲ್ಲ.

ಮಲಗಿದ್ದ ಹೊರಸಿನ ಸಮೇತ ನನ್ನನ್ನು ಟ್ರೇಲರ್‌ಗೆ ಏರಿಸಿದರು. ನನ್ನ ಕಾಲ ಬಳಿ ಮೊಣಕಾಲೂರಿ ಕುಳಿತ ಬಾಯಾರ ಕೈ ಅಲ್ಲಾಡದಂತೆ ಮಾವ ಶಂಭುಲಿಂಗಪ್ಪ ಅವರ ಹೆಗಲು ಹಿಡಿದುಕೊಂಡ. ಅತ್ತೆ ಕೂಸನ್ನು ಎದೆಗವಚಿಕೊಂಡಳು. ಮೇಲೆ ತಾಡಪತ್ರಿ, ಅದರ ಮೇಲೆ ಮಳೆಯ ಸಪ್ಪಳ.

“ಕಣ್ಣ ಮುಚ್ಚಬ್ಯಾಡ ರೋಹಿಣಿ. ಮಾತಾಡ್ಕೋತ ಇರು.”

“ಏನ್ ಮಾತಾಡ್ಲಿರಿ?”

“ಏನರೆ ಮಾತಾಡು. ನಿನ್ನೆ ಏನ್ ಅಡಗಿ ಮಾಡಿದ್ದಿ?”

“ನುಚ್ಚು... ಪುಂಡಿ ಪಲ್ಯಾ.”

“ಬಳ್ಳೊಳ್ಳಿ ಹಾಕಿದ್ದೇನು?”

ಉತ್ತರ ಗೊತ್ತಿತ್ತು, ನಾಲಿಗೆ ಹೊರಳಲಿಲ್ಲ. ಕೈಕಾಲು ತಣ್ಣಗಾಗಿ ಬೇರೆ ಯಾರವೋ ಆದಂತೆ ಅನಿಸಿತು. ಅಷ್ಟರಲ್ಲಿ ಟ್ರ್ಯಾಕ್ಟರ್ ಒಂದು ಕಡೆ ವಾಲಿ ನಿಂತುಬಿಟ್ಟಿತು. ಗಾಲಿ ನಿಂತಲ್ಲೇ ತಿರುಗುವ ಸಪ್ಪಳ. ಪ್ರಭು ಕೆಳಗೆ ಹಾರಿ, “ಅಪ್ಪಾ, ಹುದಲಾಗ ಸಿಕ್ತು!” ಎಂದು ಅಳುದನಿಯಲ್ಲಿ ಕೂಗಿದ. ಮಾವ ಇಳಿದು ಓಡಿದ. ಬದುವಿನ ಮೇಲೆ ಒಟ್ಟಿದ್ದ ಹತ್ತಿಕಟ್ಟಿಗೆ ತಂದು ಇಬ್ಬರೂ ಗಾಲಿಯ ಕೆಳಗೆ ತುರುಕತೊಡಗಿದರು.

ಬಾಯಾರ ಹೆಗಲು ಹಿಡಿಯುವವರು ಈಗ ಯಾರೂ ಇರಲಿಲ್ಲ. ಮೊಣಕೈಯನ್ನು ತೊಡೆಗೆ ಆನಿಸಿಕೊಂಡು ಮತ್ತೂ ಗಟ್ಟಿಯಾಗಿ ಒತ್ತಿದರು. ಹಲ್ಲು ಕಟಕಟ ಎನ್ನುವುದು ನನಗೆ ಕೇಳಿಸುತ್ತಿತ್ತು.

“ಬಾಯಾರ, ನಾ ಸಾಯ್ತೀನೇನ್ರಿ?”

ಏನೂ ಆಗೂದಿಲ್ಲ ಎನ್ನುತ್ತಾರೆ ಅಂದುಕೊಂಡಿದ್ದೆ. ಅವರು ನನ್ನ ಮುಖವನ್ನೇ ನೋಡಿದರು.

“ಗೊತ್ತಿಲ್ಲವಾ. ನನಗೂ ಭಾಳ ಅಂಜಿಕಿ ಆಗೇದ. ಆದ್ರ ಕೈ ತಗಿಯೂದಿಲ್ಲ.”

ಅತ್ತೆ ಗಳಗಳನೆ ಅತ್ತಳು. ನನಗೆ ಮಾತ್ರ ಆ ಮಾತಿನಿಂದ ಎಲ್ಲಿಂದಲೋ ತುಸು ಬಲ ಬಂತು. “ಹಾಕಿದ್ನಿರಿ,” ಎಂದೆ. “ಏನ?” “ಬಳ್ಳೊಳ್ಳಿ.”

ಟ್ರ್ಯಾಕ್ಟರ್ ಹೇಗೆ ಎದ್ದಿತೋ ನನಗೆ ತಿಳಿಯದು. ಡಾಂಬರು ರಸ್ತೆಯಲ್ಲಿ ಆಂಬುಲೆನ್ಸಿನವರು, “ನೀವು ಬಿಡ್ರಿ ಸಿಸ್ಟರ್, ನಾವು ಹಿಡೀತೀವಿ” ಎಂದದ್ದು ಕೇಳಿಸಿತು. ಬಾಯಾರು ಬಿಡಲಿಲ್ಲವಂತೆ. ನವಲಗುಂದದಲ್ಲಿ ಡಾಕ್ಟರು ತಮ್ಮ ಕೈ ಇಟ್ಟ ಮೇಲೆಯೇ ತೆಗೆದರಂತೆ. ನನಗೆ ಎಚ್ಚರವಾದಾಗ ಯಾರದೋ ರಕ್ತ ನಳಿಗೆಯಲ್ಲಿ ಹನಿಹನಿಯಾಗಿ ನನ್ನೊಳಗೆ ಇಳಿಯುತ್ತಿತ್ತು.

ಬಾಣಂತನದಲ್ಲಿ ಬಾಯಾರು ನನ್ನನ್ನು ನೋಡಲು ಬಂದರು. ಬಲಗೈ ಇನ್ನೂ ಮೇಲೆತ್ತಲು ಆಗುತ್ತಿರಲಿಲ್ಲ; ಚಹಾದ ಕಪ್ಪನ್ನು ಎಡಗೈಯಲ್ಲಿ ಹಿಡಿದಿದ್ದರು.

“ನೌಕರಿ ಸೇರಿದ ವರ್ಷ ಕೆಂಚವ್ವ ಅಂತ ಒಬ್ಬಾಕಿಗೆ ಹಿಂಗ ಆಗಿತ್ತು,” ಎಂದರು. “ಚಕ್ಕಡಿಯೊಳಗ ನನ್ನ ತೊಡಿ ಮ್ಯಾಲ ಹೋದ್ಲು. ಅವತ್ತಿಂದ ಯಾರರೆ ಬಾಗಲಾ ಬಡದ್ರ ಆಕಿ ಮಾರಿ ಕಣ್ಣಮುಂದ ಬಂದು ಅಂಜಿಕಿ ಆಗ್ತದ.”

“ಹಂಗಂದ್ರ ಯಾಕ ಬರ್ತೀರಿ?”

“ನಾ ಬರಲಿಲ್ಲಂದ್ರ ಬ್ಯಾನಿ ತಿನ್ನೂ ಹೆಣ್ಮಗಳು ಒಬ್ಬಾಕಿನೇ ಅಂಜಬೇಕಲ್ಲವಾ.”

ಆಮೇಲೆಯೂ ಅವರು ಹೋಗುವುದನ್ನು ಬಿಡಲಿಲ್ಲ. ಕೊರೊನಾ ಬಂದಾಗ ನಿವೃತ್ತಿಯ ಅಂಚಿನಲ್ಲಿದ್ದರು. ಸೋಂಕು ತಗುಲಿದ ಜಮಾಲಬಿಯ ಮನೆಗೆ ಯಾರೂ ಕಾಲಿಡದಿದ್ದಾಗ ದಿನಾ ಹೋಗಿ ಆಕೆಯ ಉಸಿರು ನೋಡಿ ಬರುತ್ತಿದ್ದರು. ಬರುವಾಗ ದಾರಿಯಲ್ಲಿ ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಜನ ಅದನ್ನು ಸೊಕ್ಕು ಎಂದರು.

ನಿವೃತ್ತಿಯ ಮೇಲೂ ಮೊರಬದಲ್ಲೇ ಬಾಡಿಗೆಮನೆಯಲ್ಲಿದ್ದರು. ಹೋದ ವರ್ಷ ಶ್ವಾಸಕೋಶಕ್ಕೆ ರೋಗ ಬಂತು. ಅವರ ತಮ್ಮ ವೆಂಕಣ್ಣ ಬಂದು ಅಳ್ನಾವರಕ್ಕೆ ಕರೆದುಕೊಂಡು ಹೋದ. ‘ಅಕ್ಕ ನಿಮ್ಮನ್ನ ಕೇಳ್ಲಿಕ್ಕೆ ಹತ್ಯಾಳ’ ಎಂದು ಅವನೇ ಫೋನ್ ಮಾಡಿದಾಗ ನಾನು ಹೊರಟೆ.

ಮಧ್ಯಾಹ್ನದ ಬಿಸಿಲು ಅವರ ಹಾಸಿಗೆಯ ಮೇಲೆ ಬಿದ್ದಿತ್ತು. ಒಂದೊಂದು ಉಸಿರನ್ನೂ ಎಳೆದು ತರಬೇಕಾಗಿತ್ತು. ನನ್ನನ್ನು ಕಂಡು ಕೈ ಚಾಚಿದರು.

“ಅಂಜಿಕಿ ಆಗ್ತದ ರೋಹಿಣಿ.”

“ಅಕ್ಕಾ, ಹಂಗ ಅನಬ್ಯಾಡ. ದೇವರ ಹೆಸರು ತಗೋ,” ಎಂದ ವೆಂಕಣ್ಣ. ಅವನ ದನಿಯೂ ಒಡೆದಿತ್ತು.

ಧೈರ್ಯದ ಮಾತು ನನ್ನ ಬಾಯಿಯವರೆಗೆ ಬಂತು. ಆಡಲಿಲ್ಲ.

“ನನಗೂ ಆಗೇತ್ರಿ ಬಾಯಾರ. ನಾ ಇಲ್ಲೇ ಇರ್ತೀನಿ.”

ಅವರು ತಲೆಯಾಡಿಸಿದರು. ಕಣ್ಣು ನನ್ನ ಮೇಲೆಯೇ ಇತ್ತು. ಆ ಕಣ್ಣಿನಲ್ಲಿದ್ದುದನ್ನು ನೋಡಲಾಗದೆ ಎದ್ದು ಹೋಗಬೇಕೆನಿಸಿತು, ಕುಳಿತೆ. ಹೊರಗೆ ರೈಲೊಂದು ಕೂಗಿ ಗೋವೆಯ ಕಡೆ ಹೋಯಿತು. ಉಸಿರಿನ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಪ್ರತಿ ಬಿಡುವಿನಲ್ಲೂ ನನ್ನ ಉಸಿರೂ ನಿಲ್ಲುತ್ತಿತ್ತು.

ಕೊನೆಗೆ ಅವರ ಅಂಜಿಕೆ ಹೋಯಿತೋ ಇಲ್ಲವೋ ನನಗೆ ಗೊತ್ತಿಲ್ಲ. ನನ್ನ ಬೆರಳುಗಳನ್ನು ಹಿಡಿದಿದ್ದ ಅವರ ಕೈ ಮಾತ್ರ ಸಡಿಲಲಿಲ್ಲ. ವೆಂಕಣ್ಣನೇ ಬಂದು, ಅಳುತ್ತ, ಒಂದೊಂದಾಗಿ ಬಿಡಿಸಿದ.